ಹವಳದ ತೊಟ್ಟಿಗೆ ನಾನು ಹೀಟರ್ ಆರಿಸಿದ ಬಗೆ

ಬೆಂಗಳೂರಿನಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಡುವವರ ಚಿಂತೆಯೆಲ್ಲ ಬೇಸಿಗೆಯಲ್ಲಿ ನೀರು ತಣಿಸುವ ಚಿಲ್ಲರ್ ಸುತ್ತಲೇ ಇರುತ್ತದೆ, ಹೀಟರ್ ಕಡೆಗೆ ಗಮನ ಹೋಗುವುದು ಕಡಿಮೆ. ಆದರೆ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಹೊರಗೆ 15 ಡಿಗ್ರಿಯ ಆಸುಪಾಸಿಗೆ ಇಳಿದಾಗ ನಮ್ಮ ಹಾಲ್‌ನಲ್ಲಿ 21 ಡಿಗ್ರಿ ಇರುತ್ತದೆ, ತೊಟ್ಟಿಗೆ ಬೇಕಾದದ್ದು 25.5. ಸಂಪ್ (ಪಂಪು, ಶೋಧಕಗಳನ್ನು ಇಡುವ, ತೊಟ್ಟಿಗೆ ಜೋಡಿಸಿದ ಇನ್ನೊಂದು ಚಿಕ್ಕ ತೊಟ್ಟಿ) ಸೇರಿ 300 ಲೀಟರ್ ನೀರು, ಅದರಲ್ಲಿ ಒಂದು ಜೋಡಿ ಕ್ಲೌನ್ ಮೀನು, ಜೊತೆಗೆ ಜೋಯಾಂಥಸ್, ಮಶ್ರೂಮ್, ಲೆದರ್, ಜೀನಿಯಾ ಹವಳಗಳಿವೆ. ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಗೆ ಒಳಪಟ್ಟಿರುವುದರಿಂದ ನಾನು ಮೆತ್ತನೆಯ ಹವಳಗಳನ್ನಷ್ಟೇ ಬೆಳೆಸುತ್ತೇನೆ.

ಲೀಟರಿಗೆ ಒಂದು ವ್ಯಾಟ್ ಎಂಬ ಲೆಕ್ಕ ನಂಬಿ ಮೊದಲ ಚಳಿಗಾಲದಲ್ಲಿ 300 ವ್ಯಾಟಿನ ಒಂದೇ ಹೀಟರ್ ತಂದೆ. ಎರಡನೆಯ ವರ್ಷದ ಜನವರಿಯಲ್ಲಿ ಒಂದು ಬೆಳಿಗ್ಗೆ ಮೀನಿಗೆ ಆಹಾರ ಹಾಕಲು ಹೋದಾಗ ಬೆರಳಿಗೆ ತಗಲಿದ ನೀರು ಬೆಚ್ಚಗಿತ್ತು. ಥರ್ಮಾಮೀಟರ್ 30.2 ತೋರಿಸುತ್ತಿತ್ತು, ಹೀಟರಿನ ಕೆಂಪು ದೀಪ ಇನ್ನೂ ಉರಿಯುತ್ತಲೇ ಇತ್ತು. ಬಿಸಿಯಾದಷ್ಟೂ ನೀರು ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಕಡಿಮೆಯಾಗುವುದರಿಂದ ಮೀನುಗಳು ಮೇಲೆ ಬಂದು ಏದುಸಿರು ಬಿಡುತ್ತಿದ್ದವು. ಲೆದರ್ ಮುದುಡಿಕೊಂಡಿತ್ತು. ಜೀನಿಯಾ ಎರಡು ದಿನದಲ್ಲಿ ಕರಗಿಯೇ ಹೋಯಿತು. ಆಮೇಲೆ ಆ ಹೀಟರಿನ ಗಾಜು ಒಡೆದು ನೋಡಿದರೆ, ಗೊತ್ತುಮಾಡಿದ ಡಿಗ್ರಿಗೆ ಹೀಟರನ್ನು ಆರಿಸುವ ಥರ್ಮೋಸ್ಟಾಟಿನೊಳಗೆ ಒಂದಕ್ಕೊಂದು ತಾಗಿ ಬಿಡಬೇಕಾದ ಎರಡು ಲೋಹದ ತುದಿಗಳು ಕರಿಕಟ್ಟಿ ಬೆಸೆದುಕೊಂಡಿದ್ದವು, ಬ್ಲೇಡಿನಿಂದ ಮೀಟಿದ ಮೇಲಷ್ಟೇ ಬೇರೆಯಾದವು.

ಹೀಟರ್ ಎಷ್ಟು ಬೇಗ ಕಾಯಿಸುತ್ತದೆ ಎಂದು ನೋಡುವ ಮೊದಲು, ಅದು ಕೆಟ್ಟರೆ ತೊಟ್ಟಿಗೆ ಏನಾಗುತ್ತದೆ ಎಂದು ನೋಡಬೇಕೆಂಬುದು ಅಂದಿನಿಂದ ನನ್ನ ನಿಲುವು. ಆಫ್ ಆಗಿ ಕೆಟ್ಟರೆ ನೀರು ನಿಧಾನವಾಗಿ ತಣಿಯುತ್ತದೆ, ಸರಿಪಡಿಸಲು ಸಮಯ ಸಿಗುತ್ತದೆ. ಆನ್ ಆಗಿಯೇ ಕೆಟ್ಟರೆ ಒಂದು ರಾತ್ರಿ ಸಾಕು.

ಹೊಸದನ್ನು ಕೊಳ್ಳುವ ಮುಂಚೆ ತೊಟ್ಟಿ ಎಷ್ಟು ಶಾಖ ಕಳೆದುಕೊಳ್ಳುತ್ತದೆಂದು ಅಳೆದೆ. ರಾತ್ರಿ ಹತ್ತಕ್ಕೆ 25.5 ಇದ್ದ ನೀರು, ಹೀಟರ್ ಇಲ್ಲದೆ, ಬೆಳಗಿನ ಆರಕ್ಕೆ 24ಕ್ಕೆ ಇಳಿದಿತ್ತು. ಒಂದು ಲೀಟರ್ ಸಮುದ್ರದ ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 4.1 ಕಿಲೋಜೂಲ್ ಬೇಕು. ಹಾಗಾದರೆ 300 ಲೀಟರಿಗೆ ಎಂಟು ಗಂಟೆಯಲ್ಲಿ ಒಂದೂವರೆ ಡಿಗ್ರಿ ಇಳಿಯಿತೆಂದರೆ, ಪಂಪುಗಳು ಕೊಡುವ ಶಾಖ ಕಳೆದೂ, ಸರಾಸರಿ 65 ವ್ಯಾಟ್ ನಷ್ಟ. ನೀರು ತಣಿದಂತೆಲ್ಲ ನಷ್ಟವೂ ತಗ್ಗುವುದರಿಂದ 25.5ರಲ್ಲೇ ಹಿಡಿದಿಡಲು ಇನ್ನೂ ಸ್ವಲ್ಪ ಹೆಚ್ಚು ಬೇಕು, ಆದರೂ 100 ವ್ಯಾಟ್ ದಾಟುವುದಿಲ್ಲ. 300 ನನ್ನ ಮನೆಗೆ ಅನಗತ್ಯವಾಗಿತ್ತು.

ಹಾಗಾಗಿ 150 ವ್ಯಾಟಿನ ಎರಡು ಹೀಟರ್ ತಂದೆ. ಒಂದು ಸತ್ತರೆ ಇನ್ನೊಂದು ಚಳಿಯನ್ನು ತಡೆಯುತ್ತದೆ, ಒಂದು ಆನ್ ಆಗಿ ಅಂಟಿಕೊಂಡರೂ 21 ಡಿಗ್ರಿಯ ಕೋಣೆಯಲ್ಲಿ ನೀರು 28ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಟೈಟಾನಿಯಂ ಹೀಟರ್ ಒಡೆಯುವುದಿಲ್ಲವೆಂಬುದು ನಿಜ, ಆದರೆ ನಾನು ನೋಡಿದವುಗಳಲ್ಲಿ ಒಳಗೆ ಥರ್ಮೋಸ್ಟಾಟ್ ಇರಲಿಲ್ಲ. ನನಗೆ ಎರಡು ಹಂತದ ಕಾವಲು ಬೇಕಿತ್ತು. ಎರಡೂ ಹೀಟರುಗಳನ್ನು, ನೀರಿನ ಬಿಸಿ ಅಳೆಯುವ ಪ್ರೋಬ್ ಇರುವ ಒಂದು ಕಂಟ್ರೋಲರಿಗೆ ಜೋಡಿಸಿ ಅದನ್ನು 25.5ಕ್ಕೆ ಇಟ್ಟೆ, ಹೀಟರುಗಳ ಸ್ವಂತ ಥರ್ಮೋಸ್ಟಾಟನ್ನು 26.5ಕ್ಕೆ ತಿರುಗಿಸಿದೆ. ದಿನನಿತ್ಯದ ಆನ್-ಆಫ್ ಕೆಲಸ ಕಂಟ್ರೋಲರಿನದು. ಅದರೊಳಗಿನ ಸ್ವಿಚ್ಚು, ಅಂದರೆ ರಿಲೇ, ಅಂಟಿಕೊಂಡ ದಿನ ಮಾತ್ರ ಒಳಗಿನ ಥರ್ಮೋಸ್ಟಾಟ್ ಕೆಲಸಕ್ಕೆ ಬರುತ್ತದೆ. ಪ್ರೋಬ್ ನೀರಿನಿಂದ ಹೊರಗೆ ಜಾರಿದರೆ ಕಂಟ್ರೋಲರ್ ಕೋಣೆಯ ಗಾಳಿಯನ್ನು ಅಳೆದು ಹೀಟರುಗಳಿಗೆ ಕರೆಂಟ್ ಕೊಡುತ್ತಲೇ ಹೋಗುತ್ತದೆ, ಆದ್ದರಿಂದ ಪ್ರೋಬನ್ನು ಎರಡು ಕಡೆ ಕ್ಲಿಪ್ ಹಾಕಿ ಬಿಗಿದಿದ್ದೇನೆ.

ಇಡುವ ಜಾಗವೂ ಮುಖ್ಯ. ನೀರು ಆವಿಯಾದಂತೆ ಸಂಪಿನಲ್ಲಿ ಮಟ್ಟ ಇಳಿಯುವುದು, ನೀರನ್ನು ಮತ್ತೆ ತೊಟ್ಟಿಗೆ ಏರಿಸುವ ರಿಟರ್ನ್ ಪಂಪಿನ ಭಾಗದಲ್ಲಿ, ಕಾದ ಗಾಜು ಅಲ್ಲಿ ಗಾಳಿಗೆ ತೆರೆದುಕೊಂಡು ಸಿಡಿಯಬಹುದು. ತಡೆಗೋಡೆಯಿಂದಾಗಿ ಮಟ್ಟ ಬದಲಾಗದ, ನೀರಿನ ಕೊಳೆಯನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರ್ ಇರುವ ಭಾಗದಲ್ಲಿ ಹೀಟರುಗಳನ್ನು ಅಡ್ಡಲಾಗಿ ಮುಳುಗಿಸಿಟ್ಟಿದ್ದೇನೆ. ನೀರು ಬದಲಿಸುವ ಅರ್ಧ ಗಂಟೆ ಮೊದಲೇ ಪ್ಲಗ್ ತೆಗೆಯುತ್ತೇನೆ. ಇವುಗಳ ವಿದ್ಯುತ್ ಲೈನಿಗೆ 30 ಮಿಲಿಆಂಪಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಕ್ಷಣ ಕಡಿತಗೊಳಿಸುವ ಸ್ವಿಚ್ಚು, ಹಾಕಿಸಿದ್ದೇನೆ. ಉಪ್ಪುನೀರಿನಲ್ಲಿ ಕೈಯಿಟ್ಟು ಕೆಲಸ ಮಾಡುವವರು ಈ ವಿಷಯದಲ್ಲಿ ಹಣ ಉಳಿಸಬಾರದೆಂದು ಕಳಕಳಿಯಿಂದ ಹೇಳುತ್ತೇನೆ.

ಮಾರ್ಚ್ ಮೊದಲ ವಾರ ಎರಡನ್ನೂ ತೆಗೆದು, ವಿನೆಗರಿನಲ್ಲಿ ನೆನೆಸಿ ಸುಣ್ಣದ ಪದರ ಬಿಡಿಸಿ ಎತ್ತಿಡುತ್ತೇನೆ, ಏಕೆಂದರೆ ಏಪ್ರಿಲ್ ಸೆಖೆಯಲ್ಲಿ ಹೀಟರ್ ಅಂಟಿಕೊಂಡರೆ ಮೇಲಿನ ಲೆಕ್ಕವೇ ಬದಲಾಗುತ್ತದೆ. ನವೆಂಬರಿನಲ್ಲಿ ಒಂದೊಂದನ್ನೇ 20 ಲೀಟರ್ ನೀರಿರುವ ಬಕೆಟಿನಲ್ಲಿ ಪರೀಕ್ಷಿಸುತ್ತೇನೆ. ಹತ್ತು ನಿಮಿಷಕ್ಕೆ ಸುಮಾರು ಒಂದು ಡಿಗ್ರಿ ಏರಬೇಕು, ಗುರುತಿಟ್ಟ ಡಿಗ್ರಿಗೆ ಬಂದಾಗ ದೀಪ ತಾನಾಗಿ ಆರಬೇಕು. ಆರದಿದ್ದರೆ, ಅಥವಾ ಎರಡು ಚಳಿಗಾಲ ಮುಗಿದಿದ್ದರೆ, ಆ ಹೀಟರ್ ಮತ್ತೆ ತೊಟ್ಟಿಗೆ ಇಳಿಯುವುದಿಲ್ಲ.