60 ವಾಟ್ ಸ್ಪೀಕರ್ ಬಿಚ್ಚಿದ್ಮೇಲೆ ನಾನೇ ಒಂದು ಮಾಡ್ಕೊಂಡಿದ್ದು

ನಮ್ಮ ಭಜನಾ ಮಂಡಳಿಯವ್ರು ಹೊಸದಾಗಿ ಬಂದಿರೋ ಒಂದು ಬ್ಲೂಟೂತ್ ಸ್ಪೀಕರ್ ತಂದ್ರು, ಎರಡೂವರೆ ಸಾವಿರ ಚಿಲ್ರೆ. ಡಬ್ಬದ ಮೇಲೆ 60 ವಾಟ್, ನಾಲ್ಕು ಸ್ಪೀಕರ್, ಆರು ಗಂಟೆ ಬ್ಯಾಟರಿ. ಬಿಚ್ಚೋಕೆ ಮುಂಚೆನೇ ಹೇಳ್ದೆ, ಇದ್ರಲ್ಲಿ 60 ಇಲ್ಲ ಅಂತ. "ನಿಂಗೆ ಎಲ್ಲದ್ರಲ್ಲೂ ಅನುಮಾನ ಮಾರಾಯ" ಅಂದ್ರು.

ಡಬ್ಬದ ಮೇಲಿನ ಲೆಕ್ಕಾನೇ ನೋಡಿ. 2000 ಎಂಎಎಚ್, 3.7 ವೋಲ್ಟ್, ಅಂದ್ರೆ ಬ್ಯಾಟರಿಲಿರೋ ಒಟ್ಟು ಶಕ್ತಿ ಏಳೂವರೆ ವಾಟ್-ಅವರ್ ಹತ್ರ. ನಿಜವಾಗ್ಲೂ 60 ವಾಟ್ ಎಳೆದ್ರೆ ಏಳೆಂಟು ನಿಮಿಷಕ್ಕೆ ಬ್ಯಾಟರಿ ಮಲಗ್ಬೇಕು, ಆರು ಗಂಟೆ ಬರುತ್ತೆ ಅಂದ್ರೆ ಸರಾಸರಿ ಒಂದೂಕಾಲು ವಾಟ್. ಒಂದು ಕ್ಷಣ ಏರೋ ಪೀಕ್ ಬೇರೆ ಸರಾಸರಿ ಬೇರೆ ಅಂತ ವಾದ ಮಾಡೋರಿಗೆ ಹಿಂದಿನ ಸ್ಕ್ರೂ ಬಿಚ್ಚಿ ತೋರಿಸ್ದೆ. ಪ್ಯಾಮ್ 8403 ಅನ್ನೋ ಪುಟ್ಟ ಆಂಪ್ಲಿಫೈಯರ್ ಐಸಿ, ವೋಲ್ಟೇಜ್ ಏರಿಸೋ ಬೂಸ್ಟ್ ಸರ್ಕ್ಯೂಟ್ ಇಲ್ಲ, ಸೆಲ್ಲಿಂದ ಸೀದಾ ಆಂಪ್‌ಗೆ. ಆ ವೋಲ್ಟೇಜಲ್ಲಿ 4 ಓಮ್ ಸ್ಪೀಕರ್‌ಗೆ ಚಾನಲ್ಲಿಗೆ ಒಂದೂವರೆ ವಾಟ್ ಆಸುಪಾಸು, ಅದಕ್ಕಿಂತ ಮೇಲೆ ಹೋದ್ರೆ ಬರೀ ಕ್ಲಿಪ್ಪಿಂಗು, ದನಿ ಒಡೆಯುತ್ತೆ. ಪಕ್ಕದಲ್ಲಿರೋ ಎರಡು "ಸ್ಪೀಕರ್"ಗೆ ವೈರೇ ಇಲ್ಲ, ರಬ್ಬರ್ ಮಧ್ಯೆ ಒಂದು ಕಬ್ಬಿಣದ ಬಿಲ್ಲೆ, ಒಳಗಿನ ಗಾಳಿ ಒತ್ತಡಕ್ಕೆ ಅಲುಗಾಡೋ ಪ್ಯಾಸಿವ್ ರೇಡಿಯೇಟರ್ ಅಷ್ಟೇ. ಅದು ತಪ್ಪಲ್ಲ, ಒಳ್ಳೆ ಸ್ಪೀಕರಲ್ಲೂ ಇರುತ್ತೆ, ಆದ್ರೆ ನಾಲ್ಕು ಅಂತ ಎಣಿಸೋದು ಯಾವ ನ್ಯಾಯ?

ಹಾಗಾದ್ರೆ ನೀನೇ ಮಾಡಿ ತೋರ್ಸು ಅಂದ್ರು, ಮಾಡ್ದೆ. ಹಳೇ ಹೋಂ ಥಿಯೇಟರಿಂದ 8 ಓಮ್ ನಾಲ್ಕಿಂಚಿನ ಎರಡು ಡ್ರೈವರ್, 3110 ಆಂಪ್ ಬೋರ್ಡು, 18650 ಲಿಥಿಯಂ ಸೆಲ್ ಮೂರು ಸೀರೀಸಲ್ಲಿ, ಡಬ್ಬಕ್ಕೆ 12 ಎಂಎಂ ಪ್ಲೈವುಡ್. ಬೆಂಗ್ಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿ ಸಾಲು ಎಸ್‌ಪಿ ರೋಡಲ್ಲಿ ಸಿಕ್ಕಿದ ಅಗ್ಗದ ಸೆಲ್ ತಿಂಗಳಲ್ಲೇ ಸತ್ತೋಯ್ತು, ಬ್ಯಾಟರಿ ಕಾಯೋ ಬಿಎಂಎಸ್ ಬೋರ್ಡು ಹಾಡಲ್ಲಿ ಬೇಸ್ ಬಂದಾಗೆಲ್ಲ ಕಟ್ ಆಗ್ತಿತ್ತು, ಅಲ್ಲಿಗೇ ಏಳ್ನೂರು ರೂಪಾಯಿ ನೀರಲ್ಲಿ ಹೋಮ. ಆಮೇಲೆ ಬ್ಲೂಟೂತ್ ಬೋರ್ಡಿಂದ ಕೀಂಯ್ ಅನ್ನೋ ಸೌಂಡು, ಅದರ ಪವರ್ ಲೈನನ್ನ ಬೇರೆ ಮಾಡೋ ಬಿ0505ಎಸ್ ಐಸೋಲೇಟೆಡ್ ಕನ್ವರ್ಟರ್ ಹಾಕಿದ ಮೇಲೇ ಬಾಯಿ ಮುಚ್ಚಿದ್ದು. ದನಿ ಹೀರೋಕೆ ಡಬ್ಬದೊಳಗೆ ಏನು ತುಂಬಿದೀನಿ, ಎಷ್ಟು ತುಂಬಿದೀನಿ ಅಂತ ಮಾತ್ರ ಕೇಳ್ಬೇಡಿ. ಎಲ್ಲಾ ಸೇರಿ ಎರಡು ಸಾವಿರದ ಮೇಲೆ ಸ್ವಲ್ಪ ಆಗಿರ್ಬೇಕು, ಪವರ್ರು ಚಾನಲ್ಲಿಗೆ ಏಳೆಂಟು ವಾಟ್, ಜಾಸ್ತಿ ಹೇಳಲ್ಲ.

ಟೆಸ್ಟು ಹೆಂಗೆ ಅಂದ್ರೆ, ಪರದೆ ತರ ಪಂಚೆ ಕಟ್ಟಿ ಎರಡನ್ನೂ ಅದರ ಹಿಂದೆ ಇಟ್ಟು, ಫೋನಲ್ಲಿ ಸೌಂಡ್ ಮೀಟರ್ ಹಾಕಿ ವಾಲ್ಯೂಮ್ ಸಮ ಮಾಡ್ದೆ. ಇದು ಮಾಡದೇ ಇದ್ರೆ ಟೆಸ್ಟೇ ಅಲ್ಲ, ಸ್ವಲ್ಪ ಜೋರಾಗಿರೋದೇ ಎಲ್ಲರ ಕಿವಿಗೂ ಚೆನ್ನಾಗಿ ಕೇಳ್ಸೋದು. ಸಿನಿಮಾ ಹಾಡು ಹಾಕಿದ್ರೆ ಒಬ್ಬೊಬ್ರು ಒಂದೊಂದು ಹೇಳ್ತಿದ್ರು, ಮೃದಂಗ ಒಂದನ್ನೇ ನುಡಿಸೋ ತನಿ ಹಾಕಿದ ಕೂಡ್ಲೇ ಗಲಾಟೆ ನಿಂತೋಯ್ತು. 60 ವಾಟಿಂದ್ರಲ್ಲಿ ಬಲಗೈ ಚಾಪು ಪೆಟ್ಟು ಟಣ್ ಅಂತ ಬರುತ್ತೆ, ಎಡ ಮುಖದ (ತೊಪ್ಪಿ) ತಗ್ಗು ದನಿ ಗುಮ್ಕಿ ನಾಪತ್ತೆ, ರಟ್ಟಿನ ಡಬ್ಬ ತಟ್ಟಿದಂಗೆ. ಟೋನ್ ಜನರೇಟರಲ್ಲಿ ನೋಡಿದ್ರೆ 120 ಹರ್ಟ್ಸ್ ಕೆಳಗೆ ಅದು ಧೊಪ್ ಅಂತ ಬೀಳುತ್ತೆ, ನಂದು 80ರ ತನಕ ಎಳೀತು. ಮೃದಂಗ ನುಡಿಸೋ ರಾಯರು ಪಂಚೆ ಎತ್ತದೇ ಬೆರಳು ತೋರಿಸಿದ್ದು ನಂದನ್ನೇ.

ಮಧ್ಯೆ ಮಡಕೆ ಬಾಯಿಗೆ ಡ್ರೈವರ್ ಕೂರಿಸಿ ಕೂಡ ನೋಡ್ದೆ, ದನಿ ಬಲು ಚೆಂದ, ಆದ್ರೆ ಬೈಕಲ್ಲಿ ತಗೊಂಡು ಹೋಗೋರು ಯಾರು. ಈಗ ಪಕ್ಕದ ಬೀದಿ ಮಂಡಳಿಯವ್ರೂ ಕೇಳ್ತಿದಾರೆ, ಮೂರೂವರೆ ಸಾವಿರಕ್ಕೆ ಕಮ್ಮಿ ಆಗಲ್ಲ ಅಂದಿದೀನಿ, ಪ್ಲೈ ಕುಯ್ಯೋ ಕೂಲಿನೇ ಮುನ್ನೂರು ಕೇಳ್ತಾನೆ ಬಡಗಿ.