ಹನ್ನಾ ಶ್ಯುಗುಲಾ ಬಗ್ಗೆ ಹತ್ತು ನಿಮಿಷ ಮಾತಾಡಲು ಪಟ್ಟ ಪಾಡು

ನಮ್ಮ ಫಿಲ್ಮ್ ಸೊಸೈಟಿಯಲ್ಲಿ ‘ದ ಮ್ಯಾರೇಜ್ ಆಫ್ ಮರಿಯಾ ಬ್ರೌನ್’ ಅನ್ನುವ ಜರ್ಮನ್ ಸಿನಿಮಾ ತೋರಿಸುವುದೆಂದಾಯಿತು. ಅದಕ್ಕೂ ಮೊದಲು ಅದರ ನಾಯಕಿ, ಜರ್ಮನ್ ನಟಿ ಹನ್ನಾ ಶ್ಯುಗುಲಾ ಬಗ್ಗೆ ಹತ್ತು ನಿಮಿಷ ಮಾತಾಡುವ ಕೆಲಸವನ್ನು ನನ್ನ ತಲೆಗೆ ಕಟ್ಟಿದರು.

ಮೊದಲ ತೊಡಕು ಹೆಸರೇ. ಇಷ್ಟು ವರ್ಷ ನಾನು ‘ಹ್ಯಾನಾ ಸ್ಕೈಗುಲ್ಲಾ’ ಅನ್ನುತ್ತಿದ್ದೆ. ಜರ್ಮನ್ ಕಲಿತ ಗೆಳತಿ ನಕ್ಕಳು. ತುಟಿಯನ್ನು ‘ಉ’ಗೆ ಗುಂಡಗೆ ಮಾಡಿಕೊಂಡು ‘ಇ’ ಅನ್ನು ಅಂದಳು. ಕನ್ನಡದಲ್ಲಿ ಅದಕ್ಕೆ ಅಕ್ಷರ ಎಲ್ಲಿದೆ? ‘ಶ್ಯುಗುಲಾ’ ಅಂತ ಬರೆದುಕೊಂಡೆ.

ಇಸವಿ, ಸಿನಿಮಾ, ಪ್ರಶಸ್ತಿ ಹೀಗೆ ಪಟ್ಟಿ ಮಾಡಿ ಹೆಂಡತಿಯ ಮುಂದೆ ಓದಿದೆ. ಆರನೇ ಸಿನಿಮಾ ಹೊತ್ತಿಗೆ ಅವಳು ಅವರೆಕಾಯಿ ಸುಲಿಯಲು ಎದ್ದು ಹೋದಳು. ಹರಿದು ಹಾಕಿದೆ.

ಮತ್ತೆ ಬಾಲ್ಯದಿಂದ ಓದಿದಾಗ ಒಂದು ಎಳೆ ಸಿಕ್ಕಿತು. ಹನ್ನಾ ಹುಟ್ಟಿದ್ದು 1943ರ ಡಿಸೆಂಬರ್ 25ರಂದು, ಸೈಲೀಷಿಯಾ ಪ್ರಾಂತ್ಯದ ಒಂದು ಊರಲ್ಲಿ. ಆ ಊರು ಆಗ ಜರ್ಮನಿಯ ಕೈಯಲ್ಲಿತ್ತು, ಈಗ ಪೋಲೆಂಡ್‌ನಲ್ಲಿದೆ. ಅಪ್ಪ ಸೈನಿಕ. ಇಟಲಿಯಲ್ಲಿ ಅಮೆರಿಕನ್ನರಿಗೆ ಸೆರೆಸಿಕ್ಕರು, ಬಿಡುಗಡೆಯಾಗಿದ್ದು 1948ರಲ್ಲಿ. ಅಷ್ಟರಲ್ಲಿ, 1945ರಲ್ಲೇ, ತಾಯಿ ಮಗುವನ್ನು ಕಟ್ಟಿಕೊಂಡು ನಿರಾಶ್ರಿತೆಯಾಗಿ ಮ್ಯೂನಿಕ್ ಸೇರಿದ್ದರು. ಮರಿಯಾ ಬ್ರೌನ್ ಕೂಡ ಯುದ್ಧಕ್ಕೆ ಹೋದ ಗಂಡನಿಗಾಗಿ ಕಾಯುವವಳೇ. ಸಿನಿಮಾ ಅವರ ತಾಯಿಯ ಕಥೆ ಅಂತ ನಾನು ಹೇಳಲಿಲ್ಲ, ಹೇಳಬಾರದು. ಎರಡನ್ನೂ ಸುಮ್ನೆ ಪಕ್ಕಪಕ್ಕ ಇಟ್ಟೆ.

ನಟನಾ ಶಾಲೆಯಲ್ಲಿ, ಮುಂದೆ ಮರಿಯಾ ಬ್ರೌನ್ ನಿರ್ದೇಶಿಸಿದ ಫಾಸ್‌ಬಿಂಡರ್ ಸಿಕ್ಕಿದ್ದು, 1969ರಿಂದ ಅವರ ಜೊತೆ ಸಾಲು ಸಾಲು ಸಿನಿಮಾ ಮಾಡಿದ್ದು ಎರಡು ವಾಕ್ಯದಲ್ಲಿ ಮುಗಿಯಿತು. ಅವರಿಬ್ಬರ ಜಗಳಕ್ಕೆ ಮಾತ್ರ ಮೂರು ನಿಮಿಷ ಕೊಟ್ಟೆ. 1974ರ ‘ಎಫಿ ಬ್ರೀಸ್ಟ್’ ಸಿನಿಮಾದಲ್ಲಿ ಹನ್ನಾ ಪಾತ್ರ ಹೇಗಿರಬೇಕು ಅನ್ನುವುದರಲ್ಲೇ ಇಬ್ಬರಿಗೂ ಹೊಂದಲಿಲ್ಲ. ಆಮೇಲೆ ಕೆಲವು ವರ್ಷ ಜೊತೆಗೆ ಕೆಲಸವೇ ಇಲ್ಲ. ಮತ್ತೆ ಒಂದಾಗಿದ್ದು ಇದೇ ಮರಿಯಾ ಬ್ರೌನ್‌ಗೆ. ಅದಕ್ಕೆ 1979ರ ಬರ್ಲಿನ್ ಚಿತ್ರೋತ್ಸವದಲ್ಲಿ ಹನ್ನಾಗೆ ಬೆಳ್ಳಿ ಕರಡಿ, ಅಂದರೆ ಅಲ್ಲಿನ ಅತ್ಯುತ್ತಮ ನಟಿ ಪ್ರಶಸ್ತಿ ಬಂತು. ಹೀಗೆ ಮುನಿಸಿಕೊಂಡು ಹೋಗಿ ಬಂದ ಮೇಲೆ ನಟಿ ಜಾಸ್ತಿ ಗಟ್ಟಿಯಾಗಿ ಕಾಣುತ್ತಾರೆ ಅನ್ನುವುದು ನನ್ನ ಅನಿಸಿಕೆ.

ಟೀವಿಯನ್ನು ಬಿಡೋಣ ಅಂದುಕೊಂಡಿದ್ದೆ. ಬಿಟ್ಟಿದ್ದರೆ ತಪ್ಪಾಗುತ್ತಿತ್ತು. 1972ರಲ್ಲಿ ಶುರುವಾದ, ಫಾಸ್‌ಬಿಂಡರ್ ನಿರ್ದೇಶಿಸಿದ, ಕಾರ್ಖಾನೆ ಕೆಲಸಗಾರರ ಸಂಸಾರದ ಧಾರಾವಾಹಿಯಲ್ಲಿ ಹನ್ನಾ ಮಾಡಿದ್ದು ಮರಿಯೋನ್ ಅನ್ನುವ ಪಾತ್ರ. ಎಂಟು ಕಂತು ಅಂದುಕೊಂಡಿದ್ದು ಐದಕ್ಕೇ ನಿಂತಿತು. ನೂರಾರು ಕಂತು ನೋಡುವ ನಮ್ಮವರು ಇಲ್ಲಿ ನಕ್ಕರು. 1980ರ ‘ಬರ್ಲಿನ್ ಅಲೆಕ್ಸಾಂಡರ್‌ಪ್ಲಾಟ್ಸ್’ ಕೂಡ ಇಬ್ಬರೂ ಟೀವಿಗೇ ಮಾಡಿದ್ದು, 14 ಭಾಗ.

1982ರಲ್ಲಿ ಫಾಸ್‌ಬಿಂಡರ್ 37ಕ್ಕೇ ತೀರಿಕೊಂಡರು. ಮರುವರ್ಷ ಹನ್ನಾಗೆ ಫ್ರಾನ್ಸ್‌ನ ಕಾನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟಿ ಪ್ರಶಸ್ತಿ, ಅದೂ ಇಟಲಿಯ ನಿರ್ದೇಶಕರ ಸಿನಿಮಾಕ್ಕೆ. ಪ್ಯಾರಿಸ್ ವಾಸ, ಬರ್ಲಿನ್ ಉತ್ಸವ 2010ರಲ್ಲಿ ಕೊಟ್ಟ ಗೌರವ ಚಿನ್ನದ ಕರಡಿ ಇವನ್ನೆಲ್ಲ ಓಡಿಸಿಬಿಟ್ಟೆ. ಅಷ್ಟರಲ್ಲೇ ಹದಿನಾಲ್ಕು ನಿಮಿಷ ಆಗಿತ್ತು, ಕಾರ್ಯದರ್ಶಿ ವಾಚ್ ತೋರಿಸುತ್ತಿದ್ದರು.

ಸಿನಿಮಾ ಮುಗಿದ ಮೇಲೆ ಹಿರಿಯರೊಬ್ಬರು ಹತ್ತಿರ ಬಂದರು. “1948 ಅಂದ್ರೆ ಮಗುಗೆ ನಾಲ್ಕು ತುಂಬಿತ್ತು, ಅಲ್ವಾ ಸಾರ್? ಅಪ್ಪ ಅಂದ್ರೆ ಯಾರೋ ಹೊಸಬರು ಮನೆಗೆ ಬಂದ ಹಾಗೆ.” ನಾನು ಆ ಲೆಕ್ಕ ಹಾಕಿರಲೇ ಇಲ್ಲ. ಚೀಟಿಯ ಹಿಂದೆ ಬರೆದುಕೊಂಡೆ.