ನಡೆದ್ರೆ ನಡುಗೋ ಫ್ಲೋರ್‌ಗೆ ಡ್ಯಾಂಪರ್ ಹಾಕೋದು ಹೇಗೆ

ಸ್ಟೀಲ್ ಬೀಮ್ ಮೇಲೆ ಡೆಕ್ ಶೀಟ್ ಹಾಸಿ ತೆಳ್ಳಗೆ ಕಾಂಕ್ರೀಟ್ ಹಾಕಿರೋ ಆಫೀಸ್‌ಗಳಲ್ಲಿ ಈ ಕಂಪ್ಲೇಂಟ್ ಜಾಸ್ತಿ, ಒಬ್ರು ಪ್ಯಾಸೇಜ್‌ನಲ್ಲಿ ನಡ್ಕೊಂಡು ಹೋದ್ರೆ ನಾಲ್ಕು ಟೇಬಲ್ ಆಚೆ ಮಾನಿಟರ್ ಅಲ್ಲಾಡುತ್ತೆ. ಅಪಾರ್ಟ್‌ಮೆಂಟಲ್ಲಿ ಮೇಲಿನ ಮನೆಯವರ ಕಾಲಿನ ಧಬಧಬ ಕೇಳ್ಸೋದು ಬೇರೆ ವಿಷ್ಯ, ಅದು ಸೌಂಡು, ಅದಕ್ಕೆ ಕಾರ್ಪೆಟ್ ಹಾಕಿದ್ರೂ ಎಷ್ಟೋ ಕಮ್ಮಿ ಆಗುತ್ತೆ. ಈ ನಡುಕಕ್ಕೆ ಕಾರ್ಪೆಟ್ ದಂಡ, ಇದಕ್ಕೆ ಬೇಕಿರೋದು ಡ್ಯಾಂಪರ್, ಅಂದ್ರೆ ನಡುಕದ ಶಕ್ತಿ ಹೀರ್ಕೊಳ್ಳೋ ಸಾಧನ.

ನಾವು ಸೆಕೆಂಡಿಗೆ ಹೆಚ್ಚುಕಮ್ಮಿ 2 ಹೆಜ್ಜೆ ಇಡ್ತೀವಿ. ಆ ಏಟಲ್ಲಿ 2 ಹರ್ಟ್ಜ್ (ಸೆಕೆಂಡಿಗೆ 2 ಸಲ) ಜೊತೆಗೆ 4, 6, 8 ಕೂಡ ಸಣ್ಣದಾಗಿ ಇರುತ್ತೆ, ಫ್ಲೋರ್‌ನ ಸ್ವಂತ ಫ್ರೀಕ್ವೆನ್ಸಿ (ತಟ್ಟಿ ಬಿಟ್ರೆ ಅದು ತಾನಾಗೇ ಸೆಕೆಂಡಿಗೆ ಎಷ್ಟು ಸಲ ಆಡುತ್ತೆ ಅನ್ನೋದು) ಇದ್ರಲ್ಲಿ ಒಂದಕ್ಕೆ ಸರಿಯಾಗಿ ಕೂತುಬಿಟ್ರೆ ಜೋಕಾಲಿನ ಹದವಾಗಿ ತಳ್ಳಿದ ಹಾಗೆ ಹೆಜ್ಜೆಹೆಜ್ಜೆಗೂ ಏರ್ತಾ ಹೋಗುತ್ತೆ. ನಮ್ಮ ಮೈಗೆ ಜಾಸ್ತಿ ಗೊತ್ತಾಗೋದೂ 4ರಿಂದ 8 ಹರ್ಟ್ಜ್ ನಡುವೇನೇ. ಮೊದ್ಲು ಗೋಡೆ ಪಾರ್ಟಿಶನ್ನು, ಫೈಲ್ ಬೀರು ಎಲ್ಲ ಇದ್ದಾಗ 5% ತನಕ ಡ್ಯಾಂಪಿಂಗ್ (ನಡುಕನ ತಗ್ಗಿಸೋ ಗುಣ) ಪುಕ್ಕಟೆ ಸಿಗ್ತಿತ್ತು, ಈಗ ಬರೀ ಲ್ಯಾಪ್‌ಟಾಪ್ ಟೇಬಲ್ ಇರೋ ಓಪನ್ ಆಫೀಸಲ್ಲಿ 2% ಆಸುಪಾಸು ಅಷ್ಟೇ. ಸ್ಟೀಲ್ ಕಟ್ಟಡಗಳ ಭಾರತೀಯ ಸ್ಟ್ಯಾಂಡರ್ಡ್ ಐಎಸ್ 800:2007ರಲ್ಲಿ ಫ್ಲೋರ್ ವೈಬ್ರೇಶನ್‌ಗೆ ಅಂತಾನೇ ಅನೆಕ್ಸ್ ಸಿ ಇದೆ, ಡಿಸೈನ್ ಮಾಡೋವಾಗ್ಲೇ ಒಂದ್ಸಲ ನೋಡಿದ್ರೆ ಈ ತಲೆನೋವೇ ಇರಲ್ಲ, ಇರ್ಲಿ.

ಡ್ಯಾಂಪರ್‌ಗೆ ಕೊಟೇಶನ್ ತರಿಸೋ ಮುಂಚೆ ಅಳತೆ ಮಾಡಿ. ಫೋನಲ್ಲಿ ಅದರ ಸೆನ್ಸರಿಂದ ನಡುಕ ಅಳೆಯೋ ಫೈಫಾಕ್ಸ್ ಆ್ಯಪ್ ಹಾಕ್ಕೊಂಡು, ಆಫೀಸ್ ಖಾಲಿ ಇರೋವಾಗ ಬೀಮ್‌ಗಳ ನಟ್ಟನಡುವೆ ನೆಲದ ಮೇಲಿಟ್ಟು, ಪಕ್ಕದಲ್ಲಿ ಒಬ್ರು ತುದಿಗಾಲಲ್ಲಿ ನಿಂತು ಹಿಮ್ಮಡಿನ ದಪ್ ಅಂತ ಬಿಡ್ಬೇಕು. ಸ್ಪೆಕ್ಟ್ರಮ್‌ನಲ್ಲಿ (ಯಾವ ಫ್ರೀಕ್ವೆನ್ಸಿಲಿ ಎಷ್ಟು ನಡುಕ ಅಂತ ತೋರ್ಸೋ ಗ್ರಾಫ್) ಎದ್ದು ಕಾಣೋ ಪೀಕೇ ಫ್ಲೋರ್ ಫ್ರೀಕ್ವೆನ್ಸಿ. 6 ಹರ್ಟ್ಜ್ ಬಂತು ಅನ್ಕೊಳ್ಳಿ, ಆಗ ಮೆಟ್ರೊನೋಮ್ ಇಟ್ಕೊಂಡು ನಿಮಿಷಕ್ಕೆ 120 ಹೆಜ್ಜೆ (ಸೆಕೆಂಡಿಗೆ 2, ಅದರ ಮೂರು ಪಟ್ಟು 6) ನಡೆದು ಫ್ಲೋರ್‌ನ ಆಕ್ಸಿಲರೇಶನ್ ಎಷ್ಟು ಏರುತ್ತೆ ನೋಡಿ, ಆಫೀಸಿಗೆ ಗುರುತ್ವದ 0.5% ಒಳಗಿದ್ರೆ ಸಾಮಾನ್ಯವಾಗಿ ಓಕೆ.

ಜಾಸ್ತಿ ಇದ್ರೆ ಟ್ಯೂನ್ಡ್ ಮಾಸ್ ಡ್ಯಾಂಪರ್. ಅಂದ್ರೆ ಬೀಮ್ ಕೆಳಗೆ, ಫಾಲ್ಸ್ ಸೀಲಿಂಗ್ ಒಳಗಡೆ, ಸ್ಪ್ರಿಂಗ್ ಮೇಲೆ ಕೂತಿರೋ ಒಂದು ಭಾರ, ಜೊತೆಗೆ ಶಕ್ತಿ ಹೀರ್ಕೊಳ್ಳೋಕೆ ಎಣ್ಣೆ. ಅಲ್ಲಾಡೋ ಭಾಗದ ಲೆಕ್ಕದ ತೂಕ 20 ಟನ್ ಇದ್ರೆ ಡ್ಯಾಂಪರ್ ಭಾರ ಅದರ 2%, ಅಂದ್ರೆ 400 ಕೆಜಿ. ಅದನ್ನ ಫ್ಲೋರ್‌ಗಿಂತ ಒಂಚೂರು ಕೆಳಗೆ, 5.9 ಹರ್ಟ್ಜ್ ಹತ್ರ ಟ್ಯೂನ್ ಮಾಡ್ಬೇಕು. ನಾಲ್ಕು ಸ್ಪ್ರಿಂಗ್ ಅಂದ್ರೆ ಒಂದೊಂದು ಸ್ಪ್ರಿಂಗ್‌ನ ಬಿಗಿ ಎಂಎಂಗೆ ಸುಮಾರು 137 ನ್ಯೂಟನ್, ಭಾರ ಕೂರಿಸಿದಾಗ ಸ್ಪ್ರಿಂಗ್ 7 ಎಂಎಂ ಚಿಲ್ರೆ ಕುಗ್ಬೇಕು, ಸ್ಕೇಲ್ ಹಿಡಿದೇ ನೋಡ್ಬೋದು, 12 ಎಂಎಂ ಕುಗ್ತು ಅಂದ್ರೆ ತಪ್ಪು ಸ್ಪ್ರಿಂಗ್ ಬಂದಿದೆ ಅಂತ. ಈ ಡ್ಯಾಂಪರ್‌ನೊಳಗಿನ ಡ್ಯಾಂಪಿಂಗ್ 8% ಸುತ್ತಮುತ್ತ ಸಾಕು.

ಎಡವಟ್ಟಾಗೋದು ಇಲ್ಲೇ: 6 ಹರ್ಟ್ಜಲ್ಲಿ ಗುರುತ್ವದ 0.5% ಅಂದ್ರೆ ಫ್ಲೋರ್ ಆಡೋದು ಬರೀ 0.035 ಎಂಎಂ. ಡ್ಯಾಂಪರ್ ಭಾರ ಅದಕ್ಕಿಂತ ಕೆಲವು ಪಟ್ಟು ಆಡುತ್ತೆ, ಆದ್ರೂ ಒಂದು ಎಂಎಂ ಇಲ್ಲ. ಗಾಡಿ ಶಾಕ್ ಅಬ್ಸಾರ್ಬರ್ ಥರದ್ದು ಹಾಕಿದ್ರೆ ಅದರ ಸೀಲ್ ಹಿಡ್ಕೊಂಡೇ ಬಿಡುತ್ತೆ, ಭಾರ ಅಲ್ಲಾಡೋದೇ ಇಲ್ಲ, ನೀವು ಫ್ಲೋರ್‌ಗೆ 400 ಕೆಜಿ ಸತ್ತ ತೂಕ ನೇತಾಕಿದ ಹಾಗಾಯ್ತು. ಅದಕ್ಕೆ ಸೀಲೇ ಇಲ್ಲದ, ದಪ್ಪ ಸಿಲಿಕೋನ್ ಎಣ್ಣೆ ಡಬ್ಬದಲ್ಲಿ ಪ್ಲೇಟ್ ಮುಳುಗಿರೋ ಥರದ್ದೋ, ಇಲ್ಲಾ ಮ್ಯಾಗ್ನೆಟ್ ಥರದ್ದೋ ಕೇಳಿ ತಗೊಳ್ಳಿ. ಗೈಡ್ ರಾಡ್ ಉಜ್ತಾ ಇದ್ರೂ ಇದೇ ಕಥೆ.

ಫಿಕ್ಸ್ ಮಾಡೋ ಜಾಗ ಪೀಕ್ ಜಾಸ್ತಿ ಬಂದ ಕಡೆ, ಸಾಮಾನ್ಯವಾಗಿ ಸ್ಪ್ಯಾನ್ ನಡು, ಕಾಲಮ್ ಪಕ್ಕ ಹಾಕಿದ್ರೆ ಪ್ರಯೋಜನ ಇಲ್ಲ. ಬೀಮ್ ಈ ಹೆಚ್ಚುವರಿ ತೂಕ ತಡೆಯುತ್ತಾ ಅಂತ ಸ್ಟ್ರಕ್ಚರಲ್ ಇಂಜಿನಿಯರ್ ಸೈನ್ ಮಾಡ್ಬೇಕು, ಸೇಫ್ಟಿ ಚೈನ್ ಅಂತೂ ಬಿಡ್ಲೇಬೇಡಿ. ಭಾರನ 5 ಕೆಜಿ ಪ್ಲೇಟ್‌ಗಳಾಗಿ ಮಾಡಿಸಿ. ಹಾಕಾದ್ಮೇಲೆ ಮತ್ತೆ ಹಿಮ್ಮಡಿ ಟೆಸ್ಟ್, ಈ ಸಲ ಒಂದು ಎತ್ತರದ ಪೀಕ್ ಬದ್ಲು ಎರಡು ಗಿಡ್ಡ ಗುಡ್ಡ ಥರ ಕಾಣ್ಬೇಕು. ಎಡಗಡೆದು ಎತ್ತರ ಇದ್ರೆ ಪ್ಲೇಟ್ ಸೇರ್ಸಿ, ಬಲಗಡೆದು ಎತ್ತರ ಇದ್ರೆ ತೆಗೀರಿ. ಮುಂದೆ ಅದೇ ಫ್ಲೋರಲ್ಲಿ ಸ್ಟೋರ್ ರೂಮೋ ಹೊಸ ಗೋಡೆನೋ ಬಂದ್ರೆ ಫ್ಲೋರ್ ಫ್ರೀಕ್ವೆನ್ಸಿ ಜರುಗುತ್ತೆ, ಆಗ ಮತ್ತೆ ಟ್ಯೂನ್ ಮಾಡ್ಬೇಕಾಗುತ್ತೆ, ಹಾಗಾಗಿ ಸೀಲಿಂಗಲ್ಲಿ ಅಲ್ಲೊಂದು ತೆಗೆಯೋ ಪ್ಯಾನೆಲ್ ಬಿಟ್ಟಿರಿ.